‘ಕ್ಯಾನ್ಸಲ್ ಔಟ್’ ಎಂದರೆ ರದ್ದಲ್ಲ

ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಒಂದು ಓಣಿಯಲ್ಲಿ, ಬಟ್ಟೆ ಅಂಗಡಿಯ ಮೇಲಿನ ಕೋಣೆಯಲ್ಲಿ, ಸಂಜೆ ಹೊತ್ತು ಇಂಗ್ಲಿಷ್ ಪಾಠ ಹೇಳುತ್ತೇನೆ. ಬರುವವರು ಹೆಚ್ಚಾಗಿ ಬ್ಯಾಂಕ್ ಪರೀಕ್ಷೆಗೋ ಪಿಡಿಒ ಹುದ್ದೆಗೋ ಓದುತ್ತಿರುವವರು. ಸೇಡಂ, ಆಳಂದ, ಜೇವರ್ಗಿ ಕಡೆಯಿಂದ ಬಂದು ಇಲ್ಲಿ ರೂಮು ಹಿಡಿದುಕೊಂಡಿರುವ ಮಕ್ಕಳು. ಕಳೆದ ವಾರ ಅನುವಾದಕ್ಕೆಂದು ಬೋರ್ಡಿನ ಮೇಲೆ ಒಂದು ವಾಕ್ಯ ಬರೆದೆ: ‘ದ ರೈಸ್ ಇನ್ ಪ್ರೈಸಸ್ ಕ್ಯಾನ್ಸಲ್ಡ್ ಔಟ್ ದ ರೈಸ್ ಇನ್ ವೇಜಸ್.’ ಇಪ್ಪತ್ತೆರಡು ಮಂದಿಯಲ್ಲಿ ಹದಿನೇಳು ಮಂದಿ ಅಕ್ಷರಕ್ಕಕ್ಷರ ಒಂದೇ ಉತ್ತರ ಬರೆದರು: ‘ಬೆಲೆ ಏರಿಕೆಯು ವೇತನ ಏರಿಕೆಯನ್ನು ರದ್ದುಗೊಳಿಸಿತು.’

ಹದಿನೇಳು ಮಂದಿ ಒಂದೇ ತಪ್ಪು ಮಾಡಿದರೆ ತಪ್ಪು ಮಕ್ಕಳದ್ದಲ್ಲ, ನಿಘಂಟಿನದ್ದು. ‘ಕ್ಯಾನ್ಸಲ್’ ಎಂದು ಹುಡುಕಿದರೆ ಅಲ್ಲಿ ಮೊದಲು ಸಿಗುವುದೇ ‘ರದ್ದುಗೊಳಿಸು’. ಅರಬ್ಬಿ ಮೂಲದ ಈ ಮಾತು ನಮ್ಮ ಕಚೇರಿಗಳಲ್ಲಿ ಎಷ್ಟು ಹಳೆಯದೆಂದರೆ ಅದು ಹೊರಗಿನದು ಎಂಬ ನೆನಪೇ ಯಾರಿಗೂ ಇಲ್ಲ. ಆದರೆ ಅದಕ್ಕೆ ಕಚೇರಿಯ ವಾಸನೆ ಮಾತ್ರ ಹೋಗಿಲ್ಲ. ‘ರದ್ದು’ ಎಂದರೆ ಒಬ್ಬ ಅಧಿಕಾರಿ ಇದ್ದಾನೆ, ಅವನೊಂದು ಆದೇಶ ಹೊರಡಿಸಿದ್ದ, ಈಗ ಹಿಂದಕ್ಕೆ ಪಡೆದ ಎಂದರ್ಥ. ಮಕ್ಕಳ ವಾಕ್ಯವನ್ನು ಓದಿದವರಿಗೆ, ಹೆಚ್ಚಿಸಿದ ಸಂಬಳವನ್ನು ಸರಕಾರ ಕಿತ್ತುಕೊಂಡಿತೇನೋ ಅನ್ನಿಸುತ್ತದೆ.

ಆದದ್ದು ಅದಲ್ಲ. ಸಂಬಳ ಹೆಚ್ಚಾಗಿದೆ, ಹೆಚ್ಚಿದ ಹಣ ಪ್ರತಿ ತಿಂಗಳೂ ಖಾತೆಗೆ ಬೀಳುತ್ತಿದೆ. ಅಂಗಡಿಯಲ್ಲಿ ಎಣ್ಣೆ, ಬೇಳೆ, ಗ್ಯಾಸ್ ಕೂಡ ಅಷ್ಟೇ ತುಟ್ಟಿಯಾಗಿವೆ. ಎರಡು ಏರಿಕೆಗಳೂ ನಿಜ, ಎರಡೂ ಇನ್ನೂ ಇವೆ. ಇಲ್ಲದ್ದು ಒಂದೇ, ಅವುಗಳ ಒಟ್ಟು ಪರಿಣಾಮ. ಕೈಯಲ್ಲಿ ಉಳಿಯುವುದು ಮೊದಲು ಎಷ್ಟಿತ್ತೋ ಅಷ್ಟೇ.

ಇಷ್ಟನ್ನು ಹೇಳಿ ನಾನು ಸೀಮೆಸುಣ್ಣ ಕೆಳಗಿಡುವುದರೊಳಗೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ಗಂಜ್‌ನಲ್ಲಿ ಅಡತ್ ಅಂಗಡಿ (ದಲ್ಲಾಳಿ ಮಂಡಿ) ಇರುವ ಮನೆಯವಳು, ಕೇಳಿದಳು: “ಹಾಗಾದರೆ, ಸಂಬಳ ಏರಿದ್ದಕ್ಕೂ ರೇಟು ಏರಿದ್ದಕ್ಕೂ ಸರಿಹೋಯಿತು ಅಂತ ಬರೆಯಬಹುದಲ್ಲವೇ ಸರ್?”

ಬರೆಯಬಹುದು. ಅದನ್ನೇ ಬರೆಯಬೇಕು. ನಿಘಂಟು ಕೊಡದ ಅರ್ಥವನ್ನು ಆ ಹುಡುಗಿ ಮನೆಯ ಮಾತಿನಿಂದಲೇ ತಂದಳು.

ಅರ್ಥ ಗಟ್ಟಿಯಾಗಿ ಕೂರಲಿ ಎಂದು ಚುನಾವಣೆಯ ಉದಾಹರಣೆ ಕೊಟ್ಟೆ. ಒಂದು ಮನೆಯಲ್ಲಿ ಗಂಡ ಒಂದು ಪಕ್ಷಕ್ಕೆ ಹಾಕುತ್ತಾನೆ, ಹೆಂಡತಿ ಎದುರಾಳಿ ಪಕ್ಷಕ್ಕೆ ಹಾಕುತ್ತಾಳೆ. ಎರಡು ಮತಗಳೂ ಸಿಂಧು, ಎರಡೂ ಎಣಿಕೆಗೆ ಬಂದಿವೆ. ಆದರೂ ಇಬ್ಬರು ಅಭ್ಯರ್ಥಿಗಳ ನಡುವಿನ ಅಂತರ ಒಂದಿಷ್ಟೂ ಬದಲಾಗಿಲ್ಲ. ಇಬ್ಬರೂ ಬಿಸಿಲಿನಲ್ಲಿ ಸಾಲು ನಿಂತು ಬಂದದ್ದೇ ಲಾಭ. ಇಂಗ್ಲಿಷಿನಲ್ಲಿ ಇದು ‘ದೇರ್ ವೋಟ್ಸ್ ಕ್ಯಾನ್ಸಲ್ಡ್ ಈಚ್ ಅದರ್ ಔಟ್’. ಇನ್ನು ಮತಪತ್ರದ ಕಾಲದಲ್ಲಿ ಮುದ್ರೆಯನ್ನು ಎರಡು ಚಿಹ್ನೆಗಳ ನಡುವೆ ಒತ್ತಿಬಿಟ್ಟರೆ ಅಂಥದ್ದನ್ನು ಪತ್ರಿಕೆಗಳು ‘ಕುಲಗೆಟ್ಟ ಮತ’ ಎಂದು ಬರೆಯುತ್ತಿದ್ದವು. ಅದು ಎಣಿಕೆಯಿಂದಲೇ ಹೊರಗೆ. ‘ರದ್ದು’ ಎಂಬ ಮಾತು ಸಲ್ಲುವುದು ಆ ಕುಲಗೆಟ್ಟ ಮತಕ್ಕೆ, ಗಂಡಹೆಂಡಿರ ಮತಕ್ಕಲ್ಲ.

ಹೀಗೆ ನೋಡಿದರೆ ‘ಔಟ್’ ಎಂಬ ಚಿಕ್ಕ ಪದ ಇಡೀ ಅರ್ಥವನ್ನು ಬದಲಿಸಿದೆ. ರೈಲು ‘ಕ್ಯಾನ್ಸಲ್’ ಆಗುತ್ತದೆ, ಪರೀಕ್ಷೆ ‘ಕ್ಯಾನ್ಸಲ್’ ಆಗುತ್ತದೆ, ಟಿಕೆಟ್ ‘ಕ್ಯಾನ್ಸಲ್’ ಮಾಡಿಸುತ್ತೇವೆ. ಇವುಗಳಲ್ಲಿ ಯಾವುದಕ್ಕೂ ‘ಔಟ್’ ಹಚ್ಚುವ ಹಾಗಿಲ್ಲ. ‘ಟ್ರೇನ್ ವಾಸ್ ಕ್ಯಾನ್ಸಲ್ಡ್ ಔಟ್’ ಎಂದು ರಜೆ ಚೀಟಿಯಲ್ಲಿ ಬರೆದರೆ, ಎದುರಿನಿಂದ ಅಷ್ಟೇ ತೂಕದ ಇನ್ನೊಂದು ರೈಲು ಬಂದು ಅದರ ಓಟವನ್ನು ಸೊನ್ನೆ ಮಾಡಿತೇ ಎಂದು ಕೇಳಬೇಕಾಗುತ್ತದೆ. ‘ಕ್ಯಾನ್ಸಲ್’ ಆಗಲು ಒಂದು ವಸ್ತು ಸಾಕು. ‘ಕ್ಯಾನ್ಸಲ್ ಔಟ್’ ಆಗಲು ಎರಡು ಬೇಕು, ಅವು ಎದುರುಬದುರು ಇರಬೇಕು.

ಈ ‘ಔಟ್’ ಅನ್ನು ‘ಹೊರಗೆ’ ಎಂದು ಬಿಡಿಸಲು ಹೋಗಬಾರದು. ಇಲ್ಲಿ ಅದು ಮಾಡುವುದು ನಮ್ಮ ‘ಹೋಗು’, ‘ಬಿಡು’, ‘ಹಾಕು’ಗಳು ಮಾಡುವ ಕೆಲಸವನ್ನು. ‘ಮಾರಿತು’ ಬೇರೆ, ‘ಮಾರಿಹೋಯಿತು’ ಬೇರೆ. ಎರಡನೆಯದರಲ್ಲಿ ಇನ್ನೇನೂ ಉಳಿದಿಲ್ಲ ಎಂಬ ಸೂಚನೆ ಇದೆ. ‘ಸೋಲ್ಡ್ ಔಟ್’ ಎಂದರೆ ಅದೇ. ‘ಬರ್ನ್ ಔಟ್’ ಉರಿದುಹೋಗುವುದು, ‘ರನ್ ಔಟ್’ ತೀರಿಹೋಗುವುದು (ಕ್ರಿಕೆಟ್ಟಿನದು ಬೇರೆ), ‘ವೈಪ್ ಔಟ್’ ಒರೆಸಿಹಾಕುವುದು. ಅದೇ ಸಾಲಿನಲ್ಲಿ ‘ಕ್ಯಾನ್ಸಲ್ ಔಟ್’ ಎಂದರೆ ಸರಿಹೋಗುವುದು, ಹೊಡೆದುಹೋಗುವುದು. ಇಂಗ್ಲಿಷಿನವರು ಕ್ರಿಯಾಪದದ ಹಿಂದೆ ಒಂದು ಬಾಲ ಅಂಟಿಸಿ ಹೇಳುವುದನ್ನು ನಾವು ಎರಡು ಕ್ರಿಯಾಪದಗಳನ್ನು ಹೊಲಿದು ಹೇಳುತ್ತೇವೆ. ಒಂದು ಎಚ್ಚರಿಕೆ ಮಾತ್ರ ಬೇಕು. ಚಹಾ ಚೆಲ್ಲಿದಾಗ ನಾವು “ಸರಿಹೋಯಿತು!” ಎಂದು ಹಣೆ ಚಚ್ಚಿಕೊಳ್ಳುತ್ತೇವಲ್ಲ, ಆ ಸರಿಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಪದದ ಹುಟ್ಟನ್ನು ಕೇಳಿದರೆ ಮಕ್ಕಳಿಗೆ ನಂಬಿಕೆ ಬರುವುದಿಲ್ಲ. ಲ್ಯಾಟಿನ್ನಿನಲ್ಲಿ ‘ಕ್ಯಾನ್ಸೆಲ್ಲಿ’ ಎಂದರೆ ಅಡ್ಡ ಮತ್ತು ಉದ್ದ ಪಟ್ಟಿಗಳ ಜಾಲರಿ, ಹಳೆಯ ಕಟ್ಟಡಗಳ ಜಾಲಂಧ್ರದಂಥದ್ದು. ಬೇಡವಾದ ಬರಹದ ಮೇಲೆ ಅಡ್ಡಡ್ಡ ಗೆರೆ ಎಳೆದರೆ ಕಾಗದದ ಮೇಲೆ ಜಾಲರಿಯೇ ಮೂಡುತ್ತದೆ. ಹಾಗೆ ಗೆರೆ ಎಳೆಯುವುದೇ ‘ಕ್ಯಾನ್ಸಲ್’ ಆಯಿತು. ನ್ಯಾಯಾಲಯದ ಜಾಲರಿ ಕಟಕಟೆಯ ಬಳಿ ಇರುತ್ತಿದ್ದ ಸಿಬ್ಬಂದಿಯ ಹೆಸರು ಬೆಳೆಬೆಳೆದು ‘ಚಾನ್ಸಲರ್’ ಆಯಿತು. ನಮ್ಮ ಗುಲಬರ್ಗಾ ವಿಶ್ವವಿದ್ಯಾಲಯದ ಪದವಿ ಪ್ರಮಾಣಪತ್ರದಲ್ಲಿ ಕಾಣುವ ‘ವೈಸ್ ಚಾನ್ಸಲರ್’ ಕೂಡ ಆ ಜಾಲರಿಯ ವಂಶದವರೇ.

ಜಾಲರಿ ನೋಡಲು ರೋಮ್‌ಗೆ ಹೋಗಬೇಕಿಲ್ಲ. ನಮ್ಮ ಓಣಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ಸಾಕು. ಅಲ್ಲಿಗೆ ದಿನಾ ಬೆಳಗ್ಗೆ ಒಬ್ಬ ಆಯಿ ಎಮ್ಮೆ ಹಾಲು ತಂದು ಹಾಕುತ್ತಾಳೆ. ಹಾಲಿನ ದುಡ್ಡನ್ನು ಅವಳು ದಿನಾ ಕೇಳುವುದಿಲ್ಲ. ಹಿಂಡಿ, ಚಹಾಪುಡಿ, ಸಕ್ಕರೆ, ಎಣ್ಣೆಯನ್ನು ಅದೇ ಅಂಗಡಿಯಿಂದ ಒಯ್ಯುತ್ತಾಳೆ. ಉದ್ದನೆಯ, ಕೆಂಪು ಬಟ್ಟೆ ಹೊದಿಕೆಯ ಆ ಪುಸ್ತಕದಲ್ಲಿ ಎಡಗಡೆ ಹಾಲು, ಬಲಗಡೆ ಕಿರಾಣಿ. ಹೋದ ತಿಂಗಳ ಕೊನೆಗೆ ನಾನು ಸಾಬೂನು ತರಲು ಹೋದಾಗ ಲೆಕ್ಕ ನಡೆದಿತ್ತು. ಎಡಗಡೆ 1,800, ಬಲಗಡೆ 1,785. ಅಂಗಡಿಯವರು ಹದಿನೈದು ರೂಪಾಯಿಯನ್ನು ಆಯಿಯ ಕೈಗಿಟ್ಟರು. ಪೆನ್ನು ತೆಗೆದು ಎಡ ಮೇಲ್ತುದಿಯಿಂದ ಬಲ ಕೆಳತುದಿಗೆ ಒಂದು ಗೆರೆ, ಬಲದಿಂದ ಎಡಕ್ಕೆ ಇನ್ನೊಂದು ಗೆರೆ ಎಳೆದರು. ನಡುವೆ ‘ಚುಕ್ತಾ’ ಎಂದು ಬರೆದರು. “ಅದಕ್ಕೂ ಇದಕ್ಕೂ ಸರಿಹೋಯಿತು ನೋಡು ಆಯಿ,” ಎಂದರು. ಆಯಿ ಗೆರೆಗಳನ್ನು ನೋಡಿದಳೇ ಹೊರತು ಅಂಕಿಗಳನ್ನು ನೋಡಲಿಲ್ಲ.

ಇಲ್ಲಿ ಏನು ಹೋಯಿತು? ಹಾಲನ್ನು ಜನ ಕುಡಿದಾಗಿದೆ, ಹಿಂಡಿಯನ್ನು ಎಮ್ಮೆ ತಿಂದಾಗಿದೆ. ಅವು ಯಾವುದೂ ರದ್ದಾಗಿಲ್ಲ. ಇವರು ಅವಳಿಗೆ ಕೊಡಬೇಕು, ಅವಳು ಇವರಿಗೆ ಕೊಡಬೇಕು ಎಂಬ ಎರಡು ಬಾಕಿಗಳು ಎದುರಾಗಿ ಒಂದನ್ನೊಂದು ತಿಂದುಹಾಕಿವೆ. ಸರಿಹೋಗದೆ ಉಳಿದದ್ದು ಹದಿನೈದು ರೂಪಾಯಿ, ಅದು ಕೈಗೆ ಬಂತು. ಇನ್ನೊಂದನ್ನೂ ಗಮನಿಸಬೇಕು. ಲೀಟರನ್ನೂ ಕಿಲೋವನ್ನೂ ಎದುರುಬದುರು ಇಟ್ಟರೆ ಏನೂ ಸರಿಹೋಗುವುದಿಲ್ಲ. ಎರಡನ್ನೂ ರೂಪಾಯಿಗೆ ತಂದ ಮೇಲೆಯೇ ಗೆರೆ ಎಳೆಯಲು ಬರುವುದು. ‘ಕ್ಯಾನ್ಸಲ್ ಔಟ್’ ಬಳಸುವ ಮುನ್ನ, ಎರಡನ್ನೂ ಯಾವ ಅಳತೆಯಲ್ಲಿ ಅಳೆಯುತ್ತಿದ್ದೇನೆ ಎಂದು ಒಮ್ಮೆ ಕೇಳಿಕೊಂಡರೆ ಅರ್ಧ ತಪ್ಪುಗಳು ಅಲ್ಲೇ ನಿಲ್ಲುತ್ತವೆ.

ಇದರ ನೆರೆಮನೆಯ ಪದಗಳಲ್ಲಿ ಹೆಚ್ಚು ಗೊಂದಲ ಮಾಡುವುದು ‘ಮೇಕ್ ಅಪ್ ಫಾರ್’. ಅದಕ್ಕೆ ದಿಕ್ಕು ಇದೆ. ಮೊದಲು ಒಂದು ನಷ್ಟವೋ ಕೊರತೆಯೋ ಆಗಿರುತ್ತದೆ, ಆಮೇಲೆ ಬಂದ ಒಳ್ಳೆಯದು ಅದನ್ನು ತುಂಬಿಕೊಡುತ್ತದೆ. ಜೂನ್‌ನಲ್ಲಿ ಕೈಕೊಟ್ಟ ಮಳೆಯನ್ನು ಜುಲೈ ಮಳೆ ತುಂಬಿಕೊಟ್ಟರೆ ಅದು ‘ಮೇಡ್ ಅಪ್ ಫಾರ್’. ಕೆಟ್ಟದ್ದು ಒಳ್ಳೆಯದನ್ನು ‘ಮೇಕ್ ಅಪ್ ಫಾರ್’ ಮಾಡಲಾರದು. ‘ಕ್ಯಾನ್ಸಲ್ ಔಟ್’ಗೆ ಆ ಮಡಿ ಇಲ್ಲ. ಒಳ್ಳೆಯದು ಕೆಟ್ಟದ್ದನ್ನೂ, ಕೆಟ್ಟದ್ದು ಒಳ್ಳೆಯದನ್ನೂ ಸೊನ್ನೆ ಮಾಡಬಹುದು. ಬಳಕೆಯಲ್ಲಿ ಮಾತ್ರ ಎರಡನೆಯದೇ ಹೆಚ್ಚು ಕಾಣುತ್ತದೆ, ಬಂದ ಲಾಭ ಹೋಯಿತಲ್ಲ ಎಂಬ ಸಣ್ಣ ನಿಟ್ಟುಸಿರಿನ ಜೊತೆಗೆ.

‘ಆಫ್‌ಸೆಟ್’ ಎಂಬುದು ಪತ್ರಿಕೆಯ ವಾಣಿಜ್ಯ ಪುಟದ ಮಾತು. ನಮ್ಮ ‘ಸರಿದೂಗಿಸು’ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಸರಕಾರಿ ನೌಕರರಿಗೆ ಸಿಗುವ ತುಟ್ಟಿ ಭತ್ಯೆಯ ಉದ್ದೇಶವೇ ಬೆಲೆ ಏರಿಕೆಯನ್ನು ಸರಿದೂಗಿಸುವುದು. ಆದರೆ ‘ಆಫ್‌ಸೆಟ್’ ಪೂರ್ತಿ ಆಗಲೇಬೇಕೆಂದಿಲ್ಲ. ಅಷ್ಟಿಷ್ಟು ಆದರೂ ಆ ಪದ ಸಲ್ಲುತ್ತದೆ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಹಾಕಿದರೂ ಅದು ಒಂದು ಬಗೆಯ ‘ಆಫ್‌ಸೆಟ್’ ಎಂದು ಲೆಕ್ಕಿಗರು ವಾದಿಸಬಹುದು. ‘ಕ್ಯಾನ್ಸಲ್ ಔಟ್’ ಎಂದು ಬರೆದಾಗ ಓದುಗನ ಮನಸ್ಸಿಗೆ ಬರುವುದು ಸೊನ್ನೆ. ಸೊನ್ನೆಯಾಗದಿದ್ದರೆ ‘ಪಾರ್ಟ್ಲಿ’ ಅಥವಾ ‘ಆಲ್‌ಮೋಸ್ಟ್’ ಎಂಬ ಪದವನ್ನು ಅದಕ್ಕೂ ಮೊದಲು ಹಾಕಲೇಬೇಕು. ‘ಈವನ್ ಔಟ್’ ಬೇರೆಯೇ ಕಥೆ. ಅದು ಕಾಲ ಕಳೆದಂತೆ ಏರುಪೇರು ತಗ್ಗುವುದನ್ನು ಹೇಳುತ್ತದೆ. ‘ಕಾಲ್ ಆಫ್’ ಎಂದರೆ ಸಭೆ, ಮದುವೆ, ಮುಷ್ಕರಗಳನ್ನು ಕೈಬಿಡುವುದು. ನಮ್ಮ ‘ರದ್ದು’ಗೆ ಅದು ಹತ್ತಿರದ ನೆಂಟ.

ವ್ಯಾಕರಣ ಹೆಚ್ಚಿಲ್ಲ. ನಾಮಪದವನ್ನು ‘ಔಟ್’ನ ಹಿಂದೆಯೂ ಇಡಬಹುದು, ಮುಂದೆಯೂ ಇಡಬಹುದು. ಸರ್ವನಾಮ ಬಂದರೆ ಮಾತ್ರ ಅದಕ್ಕೆ ನಡುವಿನ ಜಾಗವೇ ಬೇಕು: ‘ಕ್ಯಾನ್ಸಲ್ ಇಟ್ ಔಟ್’ ಸರಿ, ‘ಕ್ಯಾನ್ಸಲ್ ಔಟ್ ಇಟ್’ ತಪ್ಪು. ಕರ್ತೃ ಬಹುವಚನವಾಗಿದ್ದರೆ ಕರ್ಮವೇ ಬೇಡ, ‘ದ ಟೂ ಎಫೆಕ್ಟ್ಸ್ ಕ್ಯಾನ್ಸಲ್ ಔಟ್’ ಎಂದು ನಿಲ್ಲಿಸಬಹುದು. ಭೂತಕಾಲದ ರೂಪಕ್ಕೆ ಬ್ರಿಟಿಷರು ಎರಡು ‘ಎಲ್’ ಬರೆಯುತ್ತಾರೆ, ಅಮೆರಿಕದವರು ಒಂದು. ‘ಕ್ಯಾನ್ಸಲೇಷನ್’ಗೆ ಬಂದಾಗ ಇಬ್ಬರೂ ಎರಡೇ ಬರೆಯುತ್ತಾರೆ.

ಯಾವುದನ್ನು ಕರ್ತೃ ಮಾಡುತ್ತೀರಿ ಎಂಬುದರಲ್ಲಿ ಮಾತ್ರ ರಾಜಕೀಯ ಅಡಗಿದೆ. ‘ಬೆಲೆ ಏರಿಕೆ ಸಂಬಳದ ಏರಿಕೆಯನ್ನು ಕ್ಯಾನ್ಸಲ್ ಔಟ್ ಮಾಡಿತು’ ಎನ್ನುವವನು ಕಾರ್ಮಿಕ ಮುಖಂಡ. ‘ಸಂಬಳದ ಏರಿಕೆ ಬೆಲೆ ಏರಿಕೆಯನ್ನು ಕ್ಯಾನ್ಸಲ್ ಔಟ್ ಮಾಡಿತು’ ಎನ್ನುವವನು ಮಂತ್ರಿ. ಲೆಕ್ಕ ಒಂದೇ, ಸೊನ್ನೆ ಒಂದೇ. ಒಬ್ಬನಿಗೆ ಅದು ದೂರು, ಇನ್ನೊಬ್ಬನಿಗೆ ಸಾಧನೆ. ಕನ್ನಡದ ‘ಅದಕ್ಕೂ ಇದಕ್ಕೂ’ ಎಂಬ ಜೋಡಿ ಚತುರ್ಥಿಯಲ್ಲಿ ಈ ಪಕ್ಷಪಾತಕ್ಕೆ ಎಡೆಯಿಲ್ಲ. ಅಲ್ಲಿ ಯಾರೂ ಯಾರನ್ನೂ ಹೊಡೆಯುವುದಿಲ್ಲ, ಇಬ್ಬರೂ ತಕ್ಕಡಿಯ ಎರಡು ತಟ್ಟೆಗಳಲ್ಲಿ ಸುಮ್ಮನೆ ಕೂತಿರುತ್ತಾರೆ. ನನಗೆ ಇಂಗ್ಲಿಷಿಗಿಂತ ಇದೇ ಇಷ್ಟ, ಪರೀಕ್ಷೆಯಲ್ಲಿ ಇದಕ್ಕೆ ಅಂಕವಿಲ್ಲದಿದ್ದರೂ.

ಮಕ್ಕಳು ಈ ಪದವನ್ನು ಮೊದಲು ಕೇಳಿರುವುದು ಗಣಿತದ ತರಗತಿಯಲ್ಲಿ. ಸಮೀಕರಣದ ಎರಡೂ ಬದಿಯಲ್ಲಿ ಐದು ಕೂಡಿದ್ದರೆ ‘ಐದಕ್ಕೆ ಐದು ಹೊಡೆದುಹಾಕಿ’ ಎನ್ನುತ್ತೇವೆ. ಅಲ್ಲಿ ಉಳಿಯುವುದು ಸೊನ್ನೆ. ಭಿನ್ನರಾಶಿಯಲ್ಲಿ ಮೇಲೂ ಕೆಳಗೂ ಇರುವ ಸಮಾನ ಅಪವರ್ತನವನ್ನು ಹೊಡೆದರೆ ಉಳಿಯುವುದು ಸೊನ್ನೆಯಲ್ಲ, ಒಂದು. ಈ ವ್ಯತ್ಯಾಸವನ್ನು ಹೇಳದೆ ಎರಡಕ್ಕೂ ಒಂದೇ ಓರೆಗೆರೆ ಕಲಿಸುವುದರಿಂದ ಮಕ್ಕಳು ಕಂಡಕಂಡ ಅಂಕಿಗೆ ಗೆರೆ ಎಳೆಯುತ್ತಾರೆ. 64ರಲ್ಲಿ 16 ಎಂಬ ಭಿನ್ನರಾಶಿಯಲ್ಲಿ ಮೇಲಿನ ಆರನ್ನೂ ಕೆಳಗಿನ ಆರನ್ನೂ ಹೊಡೆದುಹಾಕಿದ ಹುಡುಗನಿಗೆ ನಾಲ್ಕರಲ್ಲಿ ಒಂದು ಎಂಬ ಉತ್ತರ ಬರುತ್ತದೆ, ಅದು ಸರಿಯಾಗಿಯೇ ಇರುತ್ತದೆ! ಪೆಟ್ಟು ಕೊಡುವುದಾದರೂ ಹೇಗೆ? ಅದೇ ಹುಡುಗನಿಗೆ 39ರಲ್ಲಿ 13 ಕೊಡಿ. ಮೂರಕ್ಕೆ ಮೂರು ಹೊಡೆದು ಒಂಬತ್ತರಲ್ಲಿ ಒಂದು ಎನ್ನುತ್ತಾನೆ, ನಿಜವಾದ ಉತ್ತರ ಮೂರರಲ್ಲಿ ಒಂದು. ನೋಡಲು ಒಂದೇ ಥರ ಇರುವುದು ಬೇರೆ, ಎದುರಾಗಿ ಸರಿಹೋಗುವುದು ಬೇರೆ.

ಇದನ್ನು ಹೇಳುವಾಗ ನಮ್ಮ ಕೋಣೆಯ ಕೂಲರ್ ಬೊಬ್ಬೆ ಹೊಡೆಯುತ್ತಿತ್ತು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ ಕೂಲರ್ ಇಲ್ಲದೆ ವ್ಯಾಕರಣ ನಡೆಯುವುದಿಲ್ಲ. ಆಳಂದದ ಹುಡುಗನೊಬ್ಬ, ಸದ್ದು ಅಡಗಿಸುವ ಹೆಡ್‌ಫೋನಿನ ಹೆಸರಿನಲ್ಲೂ ‘ಕ್ಯಾನ್ಸಲಿಂಗ್’ ಇದೆಯಲ್ಲ ಸರ್ ಎಂದ. ಇದೆ, ಸರಿಯಾದ ಅರ್ಥದಲ್ಲೇ ಇದೆ. ಅದರೊಳಗಿನ ಪುಟ್ಟ ಮೈಕು ಹೊರಗಿನ ಸದ್ದನ್ನು ಕೇಳಿಸಿಕೊಳ್ಳುತ್ತದೆ. ಆ ಸದ್ದಿನ ಅಲೆ ಎಲ್ಲಿ ಏರುತ್ತದೆಯೋ ಅಲ್ಲಿ ಇಳಿಯುವ, ಎಲ್ಲಿ ಇಳಿಯುತ್ತದೆಯೋ ಅಲ್ಲಿ ಏರುವ ಇನ್ನೊಂದು ಅಲೆಯನ್ನು ಹೆಡ್‌ಫೋನು ತಾನೇ ಹುಟ್ಟಿಸುತ್ತದೆ. ಏರಿಗೆ ಇಳಿ, ಇಳಿಗೆ ಏರು. ಕಿವಿಯ ಬಳಿ ಎರಡೂ ಕೂಡಿ ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಕೂಲರ್ ಅಥವಾ ವಿಮಾನದ ಎಂಜಿನ್ನಿನಂಥ ಒಂದೇ ಸಮನೆಯ ತಗ್ಗುದನಿಯ ಮೇಲೆ ಇದು ಚೆನ್ನಾಗಿ ನಡೆಯುತ್ತದೆ, ಥಟ್ಟನೆ ಕೂಗಿದರೆ ಅಷ್ಟಾಗಿ ನಡೆಯುವುದಿಲ್ಲ. ಹಾಗೆಂದು ಇನ್ನೊಂದು ಕೂಲರ್ ತಂದು ಎದುರಿಗಿಟ್ಟರೆ ಸದ್ದಿಗೆ ಸದ್ದು ಸರಿಹೋಗುತ್ತದೆಯೇ? ಇಲ್ಲ, ಸದ್ದು ಜೋರಾಗುತ್ತದೆ. ಎರಡನೆಯದು ಮೊದಲನೆಯದಕ್ಕೆ ಸಮನಾಗಿದೆ ನಿಜ, ಆದರೆ ಅಲೆಗೆ ಅಲೆ ವಿರುದ್ಧವಾಗಿಲ್ಲ.

ಅಡತ್ ಮನೆಯ ಹುಡುಗಿ ತಕ್ಕಡಿಯ ಮಾತು ತೆಗೆದಳು. ತೂಗುವವನ ಕೈ ಒಮ್ಮೆ ತುಸು ಹೆಚ್ಚು, ಒಮ್ಮೆ ತುಸು ಕಡಿಮೆ ತೂಗುತ್ತದೆ, ನೂರು ಚೀಲ ತೂಗುವುದರೊಳಗೆ ಸರಿಹೋಗುತ್ತದೆ ಎಂದು ಅವಳ ಮನೆಯಲ್ಲಿ ಹೇಳುತ್ತಾರಂತೆ. ಸಂಖ್ಯಾಶಾಸ್ತ್ರದವರು ‘ಎರರ್ಸ್ ಕ್ಯಾನ್ಸಲ್ ಔಟ್’ ಎನ್ನುವುದು ಇದನ್ನೇ. ಹಾಗೆ ಸರಿಹೋಗಬೇಕಾದರೆ ತಪ್ಪು ಎರಡೂ ಕಡೆಗೆ ವಾಲುತ್ತಿರಬೇಕು. ತಕ್ಕಡಿಯೇ ಪ್ರತಿ ಚೀಲಕ್ಕೆ ಅರ್ಧ ಕಿಲೋ ಕಡಿಮೆ ತೋರಿಸುತ್ತಿದ್ದರೆ ನೂರು ಚೀಲಕ್ಕೆ ಐವತ್ತು ಕಿಲೋ ಹೋಯಿತು, ಯಾವುದೂ ಸರಿಹೋಗಲಿಲ್ಲ. ಅದು ಕೈತಪ್ಪಲ್ಲ, ಒಂದೇ ಕಡೆಗೆ ವಾಲಿದ ತಕ್ಕಡಿ.

ಕೊನೆಗೆ ಉಳಿದದ್ದು ತೊಗರಿ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ತರಗತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ಫೀಸು ತೊಗರಿಯಿಂದಲೇ ಬರುತ್ತದೆ. ‘ಬೆಳೆ ಬಂದರೆ ಬೆಲೆ ಇಲ್ಲ, ಬೆಲೆ ಬಂದರೆ ಬೆಳೆ ಇಲ್ಲ’ ಎಂಬ ಮಾತನ್ನು ಇಂಗ್ಲಿಷಿಗೆ ತನ್ನಿ ಎಂದೆ. ಅದಕ್ಕೂ ಮುನ್ನ ಶೇಕಡಾ ಲೆಕ್ಕದ ಒಂದು ಬಲೆ ತೋರಿಸಿದೆ. ಕ್ವಿಂಟಾಲಿಗೆ 10,000 ರೂಪಾಯಿ ಇದ್ದ ಬೆಲೆ ಶೇ 20ರಷ್ಟು ಬಿತ್ತು, ಮರುತಿಂಗಳು ಶೇ 20ರಷ್ಟು ಏರಿತು. ಸರಿಹೋಯಿತೇ? ಎಲ್ಲರೂ ಹೌದೆಂದರು. ಬಿದ್ದಾಗ 8,000, ಏರಿದ್ದು ಆ ಎಂಟು ಸಾವಿರದ ಶೇ 20, ಅಂದರೆ 1,600. ಬಂದು ನಿಂತದ್ದು 9,600ಕ್ಕೆ. ಶೇ 20ರ ಇಳಿಕೆಗೆ ಸರಿಹೋಗಲು ಶೇ 25ರ ಏರಿಕೆ ಬೇಕು.

ಹಾಗಾಗಿ ಬೋರ್ಡಿನ ಮೇಲೆ ಹೀಗೆ ಬರೆದೆ. ಹೋದ ವರ್ಷ ಹತ್ತು ಕ್ವಿಂಟಾಲ್ ತೊಗರಿ, ಕ್ವಿಂಟಾಲಿಗೆ 8,000, ಒಟ್ಟು 80,000. ಈ ವರ್ಷ ಮಳೆ ಕಡಿಮೆಯಾಗಿ ಎಂಟು ಕ್ವಿಂಟಾಲ್, ಬೆಲೆ ಏರಿ 10,000. ಒಟ್ಟು ಮತ್ತೆ 80,000. ಇಳುವರಿ ಶೇ 20 ಇಳಿದಿದೆ, ಬೆಲೆ ಶೇ 25 ಏರಿದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅದರ ಕೆಳಗೆ ವಾಕ್ಯ: ‘ದ ಹೈಯರ್ ಪ್ರೈಸ್ ಕ್ಯಾನ್ಸಲ್ಡ್ ಔಟ್ ದ ಲೋವರ್ ಯೀಲ್ಡ್.’ ನನಗೆ ನನ್ನ ಉದಾಹರಣೆಯ ಬಗ್ಗೆ ಸಣ್ಣ ಹೆಮ್ಮೆಯೂ ಆಯಿತು.

ಸೇಡಂ ಕಡೆಯ ಹುಡುಗ ಕೈ ಎತ್ತಿದ. ಹೊಲದ ಕೆಲಸ ಬಲ್ಲವನು, ಮಾತು ಕಡಿಮೆ.

“ಒಂದು ಕ್ವಿಂಟಾಲ್ ಮನೆಗೆ ಇಟ್ಟುಕೊಳ್ಳುತ್ತೇವಲ್ಲ ಸರ್, ಬೇಳೆಗೂ ಬೀಜಕ್ಕೂ. ಅದನ್ನು ಮಾರುವುದಿಲ್ಲ.”

ಲೆಕ್ಕ ಮಾಡಿದೆ. ಹೋದ ವರ್ಷ ಮಾರಿದ್ದು ಒಂಬತ್ತು ಕ್ವಿಂಟಾಲ್, 72,000. ಈ ವರ್ಷ ಮಾರಿದ್ದು ಏಳು, 70,000. ಎರಡು ಸಾವಿರ ಕಡಿಮೆ.

ಸೀಮೆಸುಣ್ಣ ತೆಗೆದುಕೊಂಡು ‘ಕ್ಯಾನ್ಸಲ್ಡ್ ಔಟ್’ಗೆ ಮೊದಲು ಇದ್ದ ಇಕ್ಕಟ್ಟು ಜಾಗದಲ್ಲಿ ಒಂದು ಗುರುತು ಹಾಕಿ, ಮೇಲೆ ಸಣ್ಣದಾಗಿ ‘ಆಲ್‌ಮೋಸ್ಟ್’ ಎಂದು ಬರೆದೆ.